ಹಳೇ ಚಾವಡಿ ಕೆಡವೋದು ಬೇಡ, ಎಲ್ಲರೂ ಒಳಗೆ ಬರೋ ಹಾಗೆ ಮಾಡೋಣ

ನಿವೃತ್ತ ಮೇಷ್ಟ್ರು, ಚಾವಡಿ ಬೀದಿ:
ಎಲ್ಲರಿಗೂ ನಮಸ್ಕಾರ. ಚಾವಡಿ ವಿಷಯ ಈ ಸಲದ ಗ್ರಾಮಸಭೆಗೆ ಬರ್ತಿದೆ. ಕೆಡವಿ ಆರ್‌ಸಿಸಿ ಕಟ್ಟೋಣ ಅಂತಿದ್ದಾರೆ ಕೆಲವರು. ನನಗೆ ಒಪ್ಪಿಗೆ ಇಲ್ಲ. ಕಂಬ, ತೊಲೆ ಕಲ್ಲಿನ ಹಾಗಿವೆ. ಹಾಳಾಗಿರೋದು ಪಡುವಣ ಕಡೆಯ ರೀಪು, ಒಂದಷ್ಟು ಹೆಂಚು. ಹಾಗಂತ ಇದ್ದ ಹಾಗೇ ಬಿಡೋಕೂ ಆಗಲ್ಲ. ಮೊನ್ನೆ ಪಿಂಚಣಿ ಕೆಲಸಕ್ಕೆ ಕೆಳಗಿನ ಬೀದಿ ಅಜ್ಜಿಯನ್ನ ಇಬ್ಬರು ಹುಡುಗರು ವೀಲ್‌ಚೇರ್ ಸಮೇತ ಎತ್ತಿದ್ರು. ಹೊಸಿಲಿಗೆ ಚಕ್ರ ಸಿಕ್ಕಿ ಕುರ್ಚಿ ವಾಲಿತು, ಅಜ್ಜಿ ಕಂಬ ತಬ್ಕೊಂಡ್ರು. ಕೊನೆಗೆ ಜಗಲಿ ಮೇಲೇ ಹೆಬ್ಬೆಟ್ಟು ಒತ್ತಿಸಿ ಕಳಿಸಿದ್ರು. ನೋಡೋಕೆ ಸಂಕಟ ಆಯ್ತು.

ಕಾಫಿ ಪಲ್ಪರ್ ಮನೆಯವರು:
ಮೇಷ್ಟ್ರೇ, ಹೆಂಚಿನ ಮಾಡು ಅಂದ್ರೆ ವರ್ಷಾ ವರ್ಷಾ ಕೈಯಾಡಿಸ್ಬೇಕು. ಆರ್‌ಸಿಸಿ ಆದ್ರೆ ಒಂದೇ ಸಲ ಖರ್ಚು.

ಗಾರೆ ಮೇಸ್ತ್ರಿ:
ಅಣ್ಣ, ಸಕಲೇಶಪುರದ ಮಳೆಗೆ ತಾರಸಿ ಸೋರಿ ಮೇಲೆ ಮತ್ತೆ ಶೀಟು ಹೊದಿಸಿರೋ ಮನೆ ಎಷ್ಟಿಲ್ಲ? ಹೆಂಚು ಜಾರಿದ್ರೆ ಒಂದು ಹೆಂಚು ಬದಲಾಯಿಸಿದ್ರೆ ಆಯ್ತು. ಗೋಡೆ ಸುಣ್ಣದ ಗಾರೆದು. ಕೆಳಗಡೆ ಯಾರೋ ಸಿಮೆಂಟ್ ಬಳಿದಿದ್ದಾರೆ, ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಅಲ್ಲೇ ಉಬ್ಬಿ ಉದುರ್ತಿದೆ. ಅದನ್ನ ಕೆತ್ತಿ ಮತ್ತೆ ಸುಣ್ಣನೇ ಬಳೀಬೇಕು.
ರ‍್ಯಾಂಪ್ (ವೀಲ್‌ಚೇರ್ ಹತ್ತೋ ಇಳಿಜಾರು ದಾರಿ) ಮಾತ್ರ ಚಾವಡಿ ಮುಂದೆ ಕೂರಲ್ಲ. ಒಂದಡಿ ಏರೋಕೆ 12 ಅಡಿ ಉದ್ದ ಬೇಕು. ಜಗಲಿ ಒಂದೂವರೆ ಅಡಿ ಇದೆ, ಅಂದ್ರೆ 18 ಅಡಿ. ಚರಂಡಿವರೆಗೆ ಜಾಗ ಇರೋದೇ 10 ಅಡಿ. ಕಡಿದಾಗಿ ಮಾಡಿದ್ರೆ ಯಾರೂ ತಳ್ಳೋಕಾಗಲ್ಲ.

ಅಂಗನವಾಡಿ ಎದುರು ಮನೆ:
ಬಡಗು ಕಡೆ ಬಾಗಿಲಿದೆಯಲ್ಲ ಮೇಸ್ತ್ರಿ? ಗೋಡೆ ಉದ್ದಕ್ಕೂ ಜಾಗ ಇದೆ. ಮುಂದಿನ ಜಗಲಿ ಮುಟ್ಟೋದೇ ಬೇಡ.

ಗಾರೆ ಮೇಸ್ತ್ರಿ:
ಆಗತ್ತಕ್ಕ. 4 ಅಡಿ ಅಗಲ, ಬಾಗಿಲ ಮುಂದೆ ಕುರ್ಚಿ ತಿರುಗೋಕೆ 5 ಅಡಿ ಸಮತಟ್ಟು, ಎರಡೂ ಕಡೆ ಕಂಬಿ. ನಯವಾದ ಟೈಲ್ಸ್ ಹಾಕಿಸ್ಬೇಡಿ, ಪಾಚಿ ಕಟ್ಟತ್ತೆ. ಒರಟು ಚಪ್ಪಡಿ ಹಾಕೋಣ. ಹೊಸಿಲು ತೆಗೆದು, ಬಾಗಿಲು 3 ಅಡಿ ಬಿಡಬೇಕು.

ಕೆಳಗಿನ ಬೀದಿ, ಅಜ್ಜಿ ಮೊಮ್ಮಗಳು:
ದಯವಿಟ್ಟು ಟಾಯ್ಲೆಟ್ ಮರೀಬೇಡಿ. ಹೊರಕ್ಕೆ ತೆರೆಯೋ ಬಾಗಿಲು, ಕಮೋಡ್ ಪಕ್ಕ ಹಿಡ್ಕೊಳ್ಳೋಕೆ ಕಂಬಿ ಬೇಕೇ ಬೇಕು. ಅಜ್ಜಿ ಊರ ಸಭೆಗೆ ಬರದೇ ಇರೋದು ಮೆಟ್ಟಿಲಿಗೆ ಮಾತ್ರ ಅಲ್ಲ.

ವೈರಿಂಗ್ ಕೆಲಸದವ:
ಎಂಟು ಹಳೇ ಫ್ಯಾನು, ತಲಾ 75 ವ್ಯಾಟ್ ಅಂದ್ರೆ 600. ಕಡಿಮೆ ಕರೆಂಟ್ ತಿನ್ನೋ ಬಿಎಲ್‌ಡಿಸಿ ಫ್ಯಾನು ಹಾಕಿದ್ರೆ 240ರ ಆಸುಪಾಸು. ಚೋಕ್ ಇರೋ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕೋಣ. ಆದ್ರೆ ಮೊದಲು ಮೊಳೆ ಹೊಡೆದು ಮುಚ್ಚಿರೋ ಗವಾಕ್ಷಿ ಬಿಚ್ಚಿ, ನಾಲ್ಕು ಗಾಜಿನ ಹೆಂಚು ಹಾಕಿ. ಹಗಲು ದೀಪನೇ ಬೇಡ. ಸ್ವಿಚ್‌ಬೋರ್ಡ್ ಕೂತವರ ಕೈಗೆ ಎಟುಕೋ ಎತ್ತರಕ್ಕೆ ಇಳಿಸ್ತೀನಿ, ನನ್ನ ಕೂಲಿ ಬೇಡ.

ಕಾಫಿ ಪಲ್ಪರ್ ಮನೆಯವರು:
ಸರಿ, ಕೆಡವೋ ಮಾತು ಬಿಟ್ಟೆ. ದುಡ್ಡು?

ನಿವೃತ್ತ ಮೇಷ್ಟ್ರು:
ಇದು ಬೇಡಿಕೊಳ್ಳೋ ವಿಷಯ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 2017ರಲ್ಲಿ ನಿಯಮ ಬಂತು, ಹಳೇ ಸಾರ್ವಜನಿಕ ಕಟ್ಟಡ ಸರಿಪಡಿಸೋಕೆ ಕೊಟ್ಟಿದ್ದ 5 ವರ್ಷದ ಗಡುವು 2022ಕ್ಕೇ ಮುಗೀತು. ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತ ಶೇ 5 ಮೀಸಲಿದೆ, ರ‍್ಯಾಂಪು, ಟಾಯ್ಲೆಟ್ ಅದರಲ್ಲೇ ಕೇಳೋಣ. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡ್ಕೊಳ್ಳೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಜೊತೆಗೆ ಕರ್ಕೊಂಡು ಹೋಗೋಣ. ಮಾಡಿನ ಕೆಲಸಕ್ಕೆ ಬೇರೆ ಅರ್ಜಿ. ಗ್ರಾಮಸಭೆ ನಡಾವಳಿ ಪುಸ್ತಕದಲ್ಲಿ ಬರೆಸೋವರೆಗೂ ಯಾರೂ ಎದ್ದು ಹೋಗಬೇಡಿ.

ಗಾರೆ ಮೇಸ್ತ್ರಿ:
ಶನಿವಾರ ಬೆಳಗ್ಗೆ ಅಳತೆ ತಗೊಳ್ತೀನಿ. ಟೇಪು, ರಸಮಟ್ಟ ನನ್ನತ್ರ ಇದೆ. ಚಾವಡಿ ಬೀಗದ ಕೈ ವಾಟರ್‌ಮನ್ ಹತ್ರ, ಯಾರಾದ್ರೂ ಶುಕ್ರವಾರ ಸಂಜೆನೇ ಇಸ್ಕೊಂಡಿಡಿ.