ಪದಚರ್ಚೆ: ‘ವಸ್ತಿ’, ‘ಮಾಳಿಗೆ’ ನಿಮ್ಮ ಕಡೆ ಹೇಗೆ ಬಳಸುತ್ತಾರೆ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯ ಒಂದು ಹಳ್ಳಿಯಲ್ಲಿ ದೇಸಾಯರ ಹಳೇ ವಾಡೆ, ಅಂದರೆ ದೊಡ್ಡ ಮನೆ, ಇದೆ. ಮನೆಯವರು ಅದನ್ನು ದುರಸ್ತಿ ಮಾಡಿಸಿ, ಹಂಪಿ, ಆನೆಗೊಂದಿ ನೋಡಲು ಬರುವವರಿಗೆ ಕೋಣೆ ಕೊಡಲು ಶುರು ಮಾಡುತ್ತಿದ್ದಾರೆ. ಊಟವೂ ಅಲ್ಲೇ. ಬಾಗಿಲಿನ ಬೋರ್ಡು, ಕೋಣೆಗಳ ಹೆಸರು, ಊಟದ ಕಾರ್ಡು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಡಿ ಅಂತ ನನ್ನನ್ನು ಕೇಳಿದ್ದಾರೆ. ಅವರ ಕೈಲಿರುವ ಕರಡಿನಲ್ಲಿ ‘ಪಾರಂಪರಿಕ ವಾಸ್ತವ್ಯ ಗೃಹ’ ಅಂತಿದೆ. ಆ ಊರಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ವಾಡೆ’ ಅಂದರೆ ಮಕ್ಕಳೂ ದಾರಿ ತೋರಿಸುತ್ತಾರೆ, ಅದನ್ನು ಬಿಡುವ ಮಾತೇ ಇಲ್ಲ. ನನ್ನ ಪ್ರಶ್ನೆ ಬೋರ್ಡಿನಲ್ಲಿ ಅದರ ಮುಂದೆ ಹಾಕುವ ಮಾತಿನ ಬಗ್ಗೆ.

‘ವಸ್ತಿ’ ಅಂತ ಹಾಕಬೇಕು ಅನ್ನುವುದು ನನ್ನ ಆಸೆ. ನಮ್ಮಲ್ಲಿ ವಸ್ತಿ ಅಂದರೆ ರಾತ್ರಿ ಉಳಿಯುವುದು. ರಾತ್ರಿ ಕೊನೆಗೆ ಹಳ್ಳಿಗೆ ಬಂದು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಗ್ಗೆ ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಅಂತೀವಿ. ಬೀಗರು ಚೀಲ ಹಿಡಿದು ಹೊರಟು ನಿಂತರೆ, ‘ಇವತ್ತೊಂದಿನ ವಸ್ತಿ ಇರ್ರೀ, ನಾಳೆ ಹೋಗೀರಂತ’ ಅಂತ ತಡೆಯುತ್ತೀವಿ. ಕರೆದು ಉಳಿಸಿಕೊಳ್ಳುವ ಪ್ರೀತಿ ಈ ಮಾತಿನಲ್ಲಿದೆ ಅಲ್ವಾ? ಮೂಲ ಸಂಸ್ಕೃತದ ‘ವಸತಿ’. ‘ಬಸದಿ’ಯೂ ಅಲ್ಲಿಂದಲೇ ಬಂದದ್ದು. ಕೊಪ್ಪಳ ಒಂದು ಕಾಲಕ್ಕೆ ಜೈನರ ದೊಡ್ಡ ಕ್ಷೇತ್ರ, ಹಾಗಾಗಿ ಎರಡೂ ರೂಪಗಳಿಗೆ ಈ ನೆಲದ ನಂಟು ಇದೆ ಅಂತ ನನಗೆ ಖುಷಿ. ಬೋರ್ಡಿನಲ್ಲಿ ‘ವಸತಿ’ ಅಂತಲೇ ಬರೆದರೆ ಮಾತ್ರ ಹಾಸ್ಟೆಲ್ಲೋ, ಸರ್ಕಾರದ ಮನೆ ಯೋಜನೆಯೋ ಅನ್ನಿಸಿಬಿಡುತ್ತದೆ.

‘ಮುಕ್ಕಾಂ’ ಹಾಕಿ ಅಂತ ಒಬ್ಬ ಹಿರಿಯರು ಹೇಳಿದರು. ಅದು ಸಾಹೇಬರು ಬಂದು ಕೂತ ಹಾಗೆ ಕೇಳಿಸುತ್ತದೆ. ‘ಬಿಡಾರ’ ಅಂದರೆ ಸಾಮಾನು ಸಮೇತ ಬಂದು ನಾಲ್ಕು ದಿನ ಇರುವುದು. ಎರಡೂ ಇಲ್ಲಿಗೆ ಕೂಡುವುದಿಲ್ಲ.

ಇನ್ನು ಜಾಸ್ತಿ ತೊಡಕಾಗಿರುವುದು ‘ಮಾಳಿಗೆ’. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಮಾಳಿಗೆ ಅಂದರೆ ಮನೆಯ ಮೇಲ್ಛಾವಣಿಯೇ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಒತ್ತಾಗಿ ಜೋಡಿಸಿ, ಮೇಲೆ ಮಣ್ಣು ಹಾಕಿ ಬಡಿದಿರುತ್ತಾರೆ. ಮಳೆ ಇಳಿಯದಿರಲಿ ಅಂತ ಸವುಳು (ಉಪ್ಪಿನಂಶದ) ಮಣ್ಣು ಹರಡುತ್ತಾರೆ. ನಡುವೆ ಅಲ್ಲಲ್ಲಿ ಬೆಳಕಿಂಡಿ, ಮಳೆ ಬಂತು ಅಂದರೆ ಯಾರಾದರೂ ಓಡಿಹೋಗಿ ಮುಚ್ಚಬೇಕು. ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಒಣಗುವುದೂ ಅಲ್ಲೇ, ಬೇಸಿಗೆಯಲ್ಲಿ ಮನೆಮಂದಿ ಮಲಗುವುದೂ ಅಲ್ಲೇ. ಮೈಸೂರು, ಬೆಂಗಳೂರಿನವರಿಗೋ ಮಾಳಿಗೆ ಅಂದರೆ ಮೇಲಿನ ಅಂತಸ್ತು. ತಮಿಳಿನ ‘ಮಾಳಿಗೈ’ ಅಂತೂ ಅರಮನೆಯಂಥ ದೊಡ್ಡ ಮನೆ. ಈಗ ಕಾರ್ಡಿನಲ್ಲಿ ‘ರಾತ್ರಿ ಊಟ ಮಾಳಿಗೆ ಮೇಲೆ’ ಅಂತ ಬರೆದರೆ ಬೆಂಗಳೂರಿನವರು ಮೆಟ್ಟಿಲು ಹತ್ತಿ ಕೋಣೆ ಹುಡುಕುತ್ತಾರೆ. ಊಟ ಇರುವುದು ಛಾವಣಿಯ ಮೇಲೆ ಬಯಲಲ್ಲಿ, ಚಾಪೆ ಹಾಸಿ. ನಾನು ‘ಮಾಳಿಗೆ’ಯನ್ನು ಬಿಡಲಾರೆ. ಮೇಲೆ ಕಟ್ಟಿದ ಕೋಣೆಗೆ ಬೇರೆ ಹೆಸರು ಬೇಕು. ‘ಅಟ್ಟ’ ಅಂದರೆ ಸಾಮಾನು ಇಡುವ ಜಾಗ ಅನ್ನಿಸುತ್ತದೆ. ನಿಮ್ಮ ಕಡೆಯ ವಾಡೆಗಳಲ್ಲಿ ಮೇಲಿನ ಕೋಣೆಗೆ ಏನನ್ನುತ್ತಾರೆ?

ಊಟದ ಕಾರ್ಡಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು ಇವೆಲ್ಲ ಸಲೀಸು. ಕ್ರಿಯಾಪದಕ್ಕೇ ನಿಂತೆ. ನಮ್ಮಲ್ಲಿ ಊಟಕ್ಕೆ ‘ನೀಡು’ತ್ತಾರೆ, ದಕ್ಷಿಣದವರು ‘ಬಡಿಸು’ತ್ತಾರೆ. ‘ಪಡಸಾಲೆಯಲ್ಲಿ ಊಟ ನೀಡುತ್ತೇವೆ’ ಅಂದರೆ ಅವರಿಗೆ ಅನ್ನದಾನದ ಹಾಗೆ ಕೇಳಬಹುದೇನೋ. ಆದರೂ ಮನೆಯ ಅಮ್ಮ ‘ನೀಡ್ತೀನಿ, ಕೂಡ್ರಿ’ ಅನ್ನುವಾಗ ಕಾರ್ಡು ಬೇರೆ ಮಾತಾಡಬಾರದು ಅಂತ ನನ್ನ ಅಭಿಪ್ರಾಯ.

ಬಳ್ಳಾರಿ ಕಡೆಯವರ ಉತ್ತರ ಮುಖ್ಯವಾಗಿ ಬೇಕು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರುವ ತನಕ ಮದ್ರಾಸಿನ ಕೈಲಿತ್ತು. ತುಂಗಭದ್ರಾ ಹೊಳೆಯ ಆಚೆ ಈಚೆ ಮಾತು ಬದಲಾಗಿರಬಹುದು. ಸಿರುಗುಪ್ಪ, ಸಂಡೂರಿನ ಹಳ್ಳಿಗಳಲ್ಲಿ ‘ವಸ್ತಿ ಇರ್ರೀ’ ಅನ್ನುತ್ತಾರಾ? ಮಾಳಿಗೆ ಅಂದರೆ ಛಾವಣಿಯೋ, ಅಂತಸ್ತೋ? ಸುಮ್ನೆ ನಿಘಂಟು ನೋಡಿ ಬರೆಯಬೇಡಿ, ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಜೊತೆಗೆ ನಿಮ್ಮ ತಾಲ್ಲೂಕಿನ ಹೆಸರೂ ಹಾಕಿ.