ಬೇಸ್ ಎಲ್ಲಿಂದ ಬರುತ್ತೆ?

ಸೀನ ಹೆಡ್‌ಫೋನಿಗೆ ಅಂತ ಹೊಸದಾಗಿ ಟ್ಯೂಬ್ ಆಂಪ್ ತಂದಿದ್ದಾನೆ, ಹಳೇ ರೇಡಿಯೋದ ಥರ ಗಾಜಿನ ವಾಲ್ವ್ ಉರಿಯುವ ಆಂಪ್ಲಿಫೈಯರ್. ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯುವಾಗಲೂ ಅದೇ ಮಾತು.

“ಮೃದಂಗದ ಎಡಗೈ ಪೆಟ್ಟು ಇದೆಯಲ್ಲಾ, ಆ ಗುಂ ಅನ್ನೋ ಬೇಸು ಈಗ ಹೊಟ್ಟೆಯಲ್ಲಿ ಕೇಳಿಸುತ್ತೆ ಕಣೋ.”

“ಅದು ಈಗ ತಿಂದ ಉದ್ದಿನ ವಡೆ ಇರಬೇಕು” ಅಂದ ಗುಂಡ.

ಗುಂಡ ಲೆಕ್ಕದ ಮನುಷ್ಯ. ಎಸ್.ಪಿ. ರೋಡಿನಲ್ಲಿ ಒಂದು ಕೆಪಾಸಿಟರಿಗೂ ಚೌಕಾಸಿ ಮಾಡುವವನು. ಬಿಲ್ಲಿನ ಹಿಂದೆ ಬರೆಯುತ್ತಾ ಶುರು ಮಾಡಿದ.

“ನಿನ್ನ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನಿನ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ, ಹೇಳೋಕೆ 300 ಓಮ್. ಆದರೆ 100 ಹರ್ಟ್ಜ್ ಆಸುಪಾಸಿನಲ್ಲಿ, ಅಂದ್ರೆ ಬೇಸ್ ಇರುವ ಕಡೆ, ಅದು 500ರ ಹತ್ತಿರ ಏರುತ್ತೆ. ಆಂಪಿನದೇ ಒಳಗಿನ ತಡೆ, ಔಟ್‌ಪುಟ್ ಇಂಪೀಡೆನ್ಸ್, 100 ಅಂತಿಟ್ಟುಕೋ. ವೋಲ್ಟೇಜು ಆಂಪು, ಹೆಡ್‌ಫೋನು ಇಬ್ಬರಿಗೂ ಹಂಚಿಹೋಗಬೇಕಲ್ವಾ? 300 ಇರುವಲ್ಲಿ ಹೆಡ್‌ಫೋನಿಗೆ ಮುಕ್ಕಾಲು ಪಾಲು. 500 ಇರುವಲ್ಲಿ ಆರರಲ್ಲಿ ಐದು ಪಾಲು. ಬೇಸ್ ಜಾಸ್ತಿ ಆಗಿದ್ದು ನಿಜ. ಎಷ್ಟು? ಹೆಚ್ಚುಕಮ್ಮಿ ಒಂದು ಡೆಸಿಬೆಲ್!”

“ಒಂದಾದರೂ ಬಂತಲ್ಲ.”

“ಬೇಸು ಏರಿಸಿ ಇಳಿಸೋ ಈಕ್ವಲೈಸರಿನಲ್ಲಿ ಪುಕ್ಕಟೆ ಬರ್ತಿತ್ತು.”

ಸೀನ ಮುಖ ಸಿಂಡರಿಸಿದ. ನನಗೆ ಪಾಪ ಅನ್ನಿಸಿತು. ಟ್ಯೂಬ್ ಬೆಳಕು ನೋಡ್ತಾ ಕೇಳೋ ಸುಖಕ್ಕೆ ಡೆಸಿಬೆಲ್ ಲೆಕ್ಕ ಯಾಕೆ?

“ನನ್ನ ಆಡೀಝ್ ಹೆಡ್‌ಫೋನ್ ಆ ಆಂಪಿಗೆ ಸಿಕ್ಕಿಸಿದರೆ?” ಅಂದೆ.

“ಅದು ಪ್ಲೇನರ್, ತೆಳು ಚಪ್ಪಟೆ ಹಾಳೆ ಅದುರಿ ಸದ್ದು ಮಾಡೋ ಜಾತಿ. ಇಂಪೀಡೆನ್ಸ್ ಮೇಲಿನ ಸ್ವರದಿಂದ ಕೆಳಗಿನ ಸ್ವರದವರೆಗೂ ಒಂದೇ ಗೆರೆ. ಸ್ವರದ ತೂಕ ಬದಲಾಗಲ್ಲ, ಸುಮ್ನೆ ಸದ್ದು ಇಳಿಯುತ್ತೆ. ಅದಕ್ಕೆ ಬೇಕಾಗಿರೋದು ಕರೆಂಟು. ಅದೇ ಜಾತಿಯ ಹೈಫೈಮ್ಯಾನ್ ಎಚ್‌ಇ-6 ಅಂತೂ ಇನ್ನೂ ಕುಂಭಕರ್ಣ. ಸೆನ್ಸಿಟಿವಿಟಿ, ಅಂದ್ರೆ ಕೊಟ್ಟ ಪವರಿಗೆ ಬರೋ ಸದ್ದು, ಬರೀ 83.5 ಡೆಸಿಬೆಲ್. ಅದನ್ನ ಎಬ್ಬಿಸೋಕೆ ಜನ ಸ್ಪೀಕರ್ ಆಂಪನ್ನೇ ತಂದು ಜೋಡಿಸ್ತಾರೆ.”

ನಾನು ಬ್ಯಾಗಿನಿಂದ ಆಡೀಝ್ ತೆಗೆದು ಫೋನಿನ ಡಾಂಗಲ್‌ಗೆ ಸಿಕ್ಕಿಸಿ ಸೀನನ ತಲೆಗೆ ಏರಿಸಿದೆ. ಪಕ್ಕದ ಟೇಬಲ್ಲಿನವರು ಇಡ್ಲಿ ಬಿಟ್ಟು ನಮ್ಮನ್ನೇ ನೋಡಿದರು.

“ಇಷ್ಟೇನಾ?” ಸೀನ ಕಿರುಚಿದ. “ಇದರಲ್ಲಿ ಬೇಸೇ ಇಲ್ಲ!”

ಗುಂಡ ಮಾತಾಡದೆ ಅವನ ಕನ್ನಡಕ ಕಿತ್ತುಕೊಂಡ. ದಪ್ಪ ಫ್ರೇಮು. ಅದರ ಕಡ್ಡಿ ಪ್ಯಾಡಿನ ಕೆಳಗೆ ಸಂದಿ ಮಾಡಿತ್ತು. ಸಂದಿ ಬಿದ್ದರೆ ಮೊದಲು ಸೋರಿ ಹೋಗೋದೇ ತೀರಾ ಕೆಳಗಿನ ಬೇಸು.

ಸೀನನ ಕಣ್ಣು ಅಗಲವಾಯಿತು. “ಬಂತು! ಬಂತು ಕಣ್ರೋ!” ಅಂತ ಅಂದಾಜಿನ ಮೇಲೆ ಗುಂಡನ ಕಾಫಿ ಎತ್ತಿ ಕುಡಿದುಬಿಟ್ಟ.

ಹೆಡ್‌ಫೋನ್ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಹಾಗಾದ್ರೆ ಟ್ಯೂಬ್ ಮಾರಿಬಿಡ್ಲಾ?”

“ಬೇಡ” ಅಂದ ಗುಂಡ. “ಡಿಸೆಂಬರಿನಲ್ಲಿ ಮೊಸರು ಹೆಪ್ಪಾಗಲ್ಲ ಅಂತ ನಿಮ್ಮಮ್ಮ ಗೊಣಗ್ತಾರಲ್ಲ. ಆಂಪ್ ಪಕ್ಕ ಹಾಲಿನ ಪಾತ್ರೆ ಇಡು, ಒಳ್ಳೆ ಬಿಸಿ ಇರುತ್ತೆ.”

ಸೀನ ಗಂಭೀರವಾಗಿ ಯೋಚಿಸಿದ. “ವಾಲ್ಯೂಮ್ ಎಷ್ಟಿಡಬೇಕು?”