ಕರಾರಿನಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಎಂದಿದ್ದರೆ ಚಾಲಕರಿಗೆ ಹಕ್ಕುಗಳಿಲ್ಲವೇ?

ಕೇಳಿದವರು: ಸ್ವಂತ ಕಾರನ್ನು ಆ್ಯಪ್ ಟ್ಯಾಕ್ಸಿ ಕಂಪನಿಯೊಂದಕ್ಕೆ ಸೇರಿಸಬೇಕೆಂದಿದ್ದೇನೆ. ಕರಾರಿನಲ್ಲಿ ಕಂಪನಿಯು ತನ್ನನ್ನು ‘ತಂತ್ರಜ್ಞಾನ ಸಂಸ್ಥೆ’ ಎಂದೂ ನನ್ನನ್ನು ‘ಸ್ವತಂತ್ರ ಗುತ್ತಿಗೆದಾರ’ ಎಂದೂ ಕರೆದಿದೆ. ಸಹಿ ಹಾಕುವ ಮೊದಲು ಏನನ್ನು ಗಮನಿಸಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಆರು ವರ್ಷ ಓಡಿಸಿದವರು: ಮೊದಲು ವಿಮೆಯನ್ನು ನೋಡಿರಿ. ಪ್ರಯಾಣಿಕರೊಬ್ಬರನ್ನು ಕರೆತರಲು ಹೋಗುತ್ತಿದ್ದಾಗ ನನ್ನ ಕಾರು ಮುಂದಿನ ವಾಹನಕ್ಕೆ ಗುದ್ದಿತು. ನನ್ನಲ್ಲಿದ್ದುದು ಖಾಸಗಿ ಬಳಕೆಯ ಪಾಲಿಸಿಯಾದ್ದರಿಂದ, ಬಾಡಿಗೆಗೆ ಓಡಿಸುತ್ತಿದ್ದಿರೆಂದು ವಿಮೆಯವರು ಪರಿಹಾರ ನಿರಾಕರಿಸಿದರು. ಪ್ರಯಾಣಿಕರು ಇನ್ನೂ ಹತ್ತಿರಲಿಲ್ಲವೆಂದು ಕಂಪನಿಯವರೂ ಕೈಬಿಟ್ಟರು. ಇಂತಹ ಕಂಪನಿಗಳನ್ನು 2013ರಲ್ಲಿಯೇ ಪ್ರತ್ಯೇಕ ವರ್ಗವಾಗಿ ಗುರುತಿಸಿದ ಕ್ಯಾಲಿಫೋರ್ನಿಯಾದಲ್ಲಿ, ಬಾಡಿಗೆ ಒಪ್ಪಿಕೊಂಡ ಕ್ಷಣದಿಂದ ಪ್ರಯಾಣಿಕರು ಇಳಿಯುವವರೆಗೆ 10 ಲಕ್ಷ ಡಾಲರ್‌ಗಳ ಹೊಣೆಗಾರಿಕೆ ವಿಮೆ ಕಡ್ಡಾಯ. ಆ್ಯಪ್ ತೆರೆದು ಕಾಯುವ ಅವಧಿಗೆ ಮಾತ್ರ ಅದಕ್ಕಿಂತ ಬಹಳ ಕಡಿಮೆ ಮೊತ್ತ. ನಿಮ್ಮಲ್ಲಿ ಈ ಹಂತಗಳಿಗೆ ಯಾರು ಹೊಣೆಯೆಂಬುದನ್ನು ಲಿಖಿತವಾಗಿಯೇ ಪಡೆಯಿರಿ.

ಕಾರ್ಮಿಕ ಮೊಕದ್ದಮೆಗಳನ್ನು ನಡೆಸಿದ ವಕೀಲರು: ಕರಾರಿನಲ್ಲಿರುವ ಹೆಸರಿನಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ. ಊಬರ್ ಬರಿಯ ಮಧ್ಯವರ್ತಿಯಲ್ಲ, ಅದು ಒದಗಿಸುವುದು ಸಾರಿಗೆ ಸೇವೆ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರಲ್ಲಿ ಹೇಳಿತು. ಇದರಿಂದ ಅದಕ್ಕೆ ಸಾರಿಗೆ ಪರವಾನಗಿಯ ನಿಯಮಗಳನ್ನು ವಿಧಿಸಲು ಸದಸ್ಯ ರಾಷ್ಟ್ರಗಳಿಗೆ ದಾರಿಯಾಯಿತು. ಚಾಲಕರ ಮಟ್ಟಿಗೆ ಹೆಚ್ಚು ಮುಖ್ಯವೆಂದು ನಾನು ಭಾವಿಸುವುದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ನೀಡಿದ ತೀರ್ಪು. ದರವನ್ನೂ ಕರಾರಿನ ಷರತ್ತುಗಳನ್ನೂ ಕಂಪನಿಯೇ ನಿಗದಿಪಡಿಸುತ್ತದೆ, ಬಾಡಿಗೆ ನಿರಾಕರಿಸುವವರ ಮೇಲೆ ನಿಗಾ ಇಡುತ್ತದೆ, ರೇಟಿಂಗ್ ಮೂಲಕ ಕೆಲಸವನ್ನು ನಿಯಂತ್ರಿಸುತ್ತದೆ, ಪ್ರಯಾಣಿಕರೊಂದಿಗೆ ನೇರ ಸಂಪರ್ಕ ಬೆಳೆಯದಂತೆ ತಡೆಯುತ್ತದೆ ಎಂಬುದನ್ನೆಲ್ಲ ತೂಗಿನೋಡಿದ ಆ ನ್ಯಾಯಾಲಯವು, ಅರ್ಜಿದಾರ ಚಾಲಕರನ್ನು ‘ಕೆಲಸಗಾರರು’ ಎಂದೇ ಪರಿಗಣಿಸಿ, ಕನಿಷ್ಠ ವೇತನಕ್ಕೂ ಸಂಬಳಸಹಿತ ರಜೆಗೂ ಅವರು ಅರ್ಹರೆಂದಿತು. ನಿಮ್ಮ ಕರಾರನ್ನೂ ಇದೇ ಪ್ರಶ್ನೆಗಳನ್ನಿಟ್ಟುಕೊಂಡು ಓದಿರಿ. ಆದರೆ ಎಲ್ಲೆಡೆಯೂ ಇದೇ ಫಲ ಸಿಗುತ್ತದೆಂದು ನಂಬಬೇಡಿರಿ: ಕ್ಯಾಲಿಫೋರ್ನಿಯಾದ ಮತದಾರರು 2020ರಲ್ಲಿ ಅನುಮೋದಿಸಿದ ‘ಪ್ರಸ್ತಾವನೆ 22’ ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರಾಗಿಯೇ ಉಳಿಸಿತು, ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು 2024ರಲ್ಲಿ ಎತ್ತಿಹಿಡಿಯಿತು.

ಖಾತೆ ಸ್ಥಗಿತಗೊಂಡು ನೊಂದವರು: ವಕೀಲರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಖಾತೆಯನ್ನು ಯಾರು, ಯಾವ ಕಾರಣಕ್ಕೆ ನಿಲ್ಲಿಸಬಹುದು, ಮೇಲ್ಮನವಿಯನ್ನು ಯಾರು ಕೇಳುತ್ತಾರೆ ಎಂಬ ಷರತ್ತನ್ನು ಬಿಡದೆ ಓದಿರಿ. ಇಂತಹ ನಿರ್ಧಾರವನ್ನು ಮನುಷ್ಯರೇ ಕೈಗೊಳ್ಳಬೇಕೆಂದು ಐರೋಪ್ಯ ಒಕ್ಕೂಟದ 2024ರ ನಿರ್ದೇಶನವು ವಿಧಿಸುತ್ತದೆ. ನನಗೆ ಬಂದದ್ದು ಕಾರಣವಿಲ್ಲದ ಒಂದು ಸಾಲಿನ ಸಂದೇಶ. ನನ್ನ ಮೇಲೆ ದೂರು ಬಂದಿತ್ತೆಂದು ಆಮೇಲೆ ತಿಳಿಯಿತು. ಪ್ರತಿ ಬಾಡಿಗೆಯ ಸಮಯ, ದೂರ, ಮೊತ್ತಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರಿಂದ, ದೂರಿನಲ್ಲಿ ಹೇಳಿದ ಹೊತ್ತಿಗೆ ನಾನು ಬೇರೆಡೆ ಇದ್ದೆನೆಂದು ತೋರಿಸಲು ಸಾಧ್ಯವಾಯಿತು. ಹತ್ತೊಂಬತ್ತನೆಯ ದಿನ ಖಾತೆ ಮತ್ತೆ ತೆರೆಯಿತು. ಆ ದಿನಗಳ ಸಂಪಾದನೆ ಮಾತ್ರ ಮರಳಲಿಲ್ಲ.